ಲೆಸ್ಸೇ ಲೇಸು

ಕಡತಪ್ಪನವರು ಕಂಪ್ಯೂಟರನ್ನು ಅರೆದು ಕುಡಿದಿದ್ದಾರೆ ಎಂಬ ಸುದ್ದಿಯನ್ನು ಬೀದಿಗೆಲ್ಲ ಹಬ್ಬಿಸಿದವರು ಅವರ ಅತ್ತೆ. ಅತ್ತೆಯೇ ಬಾಯಿಬಿಟ್ಟು ಅಳಿಯನನ್ನು ಹೊಗಳಿದ ಮೇಲೆ ಬೀದಿಯವರು ನಂಬದೆ ಏನು ಮಾಡಿಯಾರು? ನಿಜ ಹೇಳಬೇಕೆಂದರೆ ಅವರಿಗೆ ಬರುತ್ತಿದ್ದುದು ಒಂದೇ ಒಂದು ಪದ. ಆ ಒಂದು ಪದವನ್ನು ಇಟ್ಟುಕೊಂಡು ಮೂರು ತಿಂಗಳು ಅವರು ಒಂದು ಇಡೀ ಕಚೇರಿಯನ್ನು ಆಡಿಸಿದರು. ನೂರಾರು ಪದ ಬರುವವರು ಕಚೇರಿ ನಡೆಸಿದ್ದನ್ನೂ ನಾವು ನೋಡಿದ್ದೇವೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕಡತಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಡತಗಳ ನಡುವೆ ಕೂತು ಕೂತು ಅಂಟಿದ ಹೆಸರು. ಆ ಕೋಣೆ ಮೆಟ್ಟಿಲಿನ ಕೆಳಗೆ, ಅರ್ಧ ನೆಲದೊಳಗೆ ಇಳಿದಂತಿತ್ತು. ಹನ್ನೊಂದು ಬೀರು, ಮೂರನೇ ಮೆಟ್ಟಿಲಿಗೆ ಹಗ್ಗ ಸುತ್ತಿದ ಒಂದು ಏಣಿ, ಒಂದು ಸ್ಟೂಲು. ಕಿಟಕಿಯಿಂದ ನೋಡಿದರೆ ಹಾದಿಹೋಕರ ಪಾದಗಳು ಮಾತ್ರ ಕಾಣುತ್ತಿದ್ದವು. ಹೀಗಾಗಿ ಮುಖ ನೋಡಿ ಗುರುತಿಸದ ಎಷ್ಟೋ ಜನರನ್ನು ಅವರು ಚಪ್ಪಲಿ ನೋಡಿ ಗುರುತಿಸುತ್ತಿದ್ದರು. ಕೋಣೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಯಾರೂ ಕೂಗುತ್ತಿರಲಿಲ್ಲ. ಅವರಿಗೆ ಬೇಕಾದ ಸ್ವರ್ಗ ಅಷ್ಟೇ ಉದ್ದ, ಅಷ್ಟೇ ಅಗಲ.

ಆ ಸ್ವರ್ಗಕ್ಕೆ ಈಗ ಕಲ್ಲು ಬಿದ್ದಿತ್ತು. ಕಾಗದವೆಲ್ಲ ಕಂಪ್ಯೂಟರಿಗೆ ಹೋಗುತ್ತದೆ, ದಾಖಲೆ ಕೋಣೆ ಮುಚ್ಚುತ್ತಾರೆ, ಕಡತಪ್ಪನವರನ್ನು ಮೇಲಿನ ಮಹಡಿಯ ದೂರು ಕಿಟಕಿಗೆ ಹಾಕುತ್ತಾರೆ ಎಂದು ಮಾತು ಹುಟ್ಟಿತ್ತು. ದೂರು ಕಿಟಕಿಯೆಂದರೆ ನಲ್ಲಿಯಲ್ಲಿ ನೀರು ಬಾರದ ಇಡೀ ನಗರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಂದು ಬೈದು ಹೋಗುವ ಜಾಗ. ಅಲ್ಲಿ ಹಿಂದೆ ಕೂತಿದ್ದ ಗುಮಾಸ್ತರು ಈಗ ಮನೆಯಲ್ಲಿ ಹೆಂಡತಿ "ನೀರು ಕೊಡ್ಲಾ?" ಎಂದರೂ ಮೇಜಿನ ಕೆಳಗೆ ಬಗ್ಗುತ್ತಾರಂತೆ.

ಮೊದಲು ಯಂತ್ರ ಬಂತು. ಜೊತೆಗೆ ಅದನ್ನು ಕೂಡಿಸಿಕೊಡುವ ಹೆಂಗಸು ಬಂದರು. ಕಚೇರಿ ಅವರನ್ನು ಕಂಪ್ಯೂಟರಮ್ಮ ಎಂದು ಕರೆಯಿತು. ಪರದೆ ಕಪ್ಪು, ಅಕ್ಷರ ಬಿಳಿ, ಚಿತ್ರ ಗಿತ್ರ ಏನೂ ಇಲ್ಲ. ಕನ್ನಡದ ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಪಕ್ಕದ ಅಕ್ಷರದ ಮನೆಗೆ ಹೋಗಿ ಕೂತಿರುತ್ತಿದ್ದವು.

"ನೋಡಿ ಸಾರ್, ಎಲ್, ಇ, ಎರಡು ಎಸ್. ಲೆಸ್. ಒಂದು ಜಾಗ ಬಿಡಿ, ಕಾಗದದ ಹೆಸರು ಹೊಡೀರಿ, ಎಂಟರ್ ಒತ್ತಿ. ಕಾಗದ ಕಾಣುತ್ತೆ. ಓದಬಹುದು ಅಷ್ಟೇ, ತಿದ್ದೋಕಾಗಲ್ಲ. ನಿಮ್ಮಂಥೋರಿಗೆ ಇದೇ ಕ್ಷೇಮ," ಎಂದರು ಕಂಪ್ಯೂಟರಮ್ಮ.

ಕಡತಪ್ಪನವರು ತಲೆಯಾಡಿಸಿದರು. ಅರ್ಥವಾಗದ ಮಾತಿಗೆ ತಲೆಯಾಡಿಸುವುದರಲ್ಲಿ ಅವರದು ಪಳಗಿದ ಕುತ್ತಿಗೆ. ಅಷ್ಟರಲ್ಲಿ ಆಕೆಯ ಫೋನು ಹೊಡೆದುಕೊಂಡಿತು. ಇನ್ನೊಂದು ಕಚೇರಿಯಲ್ಲಿ ಯಂತ್ರ ಕೆಟ್ಟಿತ್ತಂತೆ. ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಾ ಆಕೆ ತಿರುಗಿ ಹೇಳಿದರು: "ಆಚೆ ಬರೋಕೆ ಕ್ಯೂ ಸಾರ್, ಮರೀಬೇಡಿ. ಉಳಿದಿದ್ದು ನಾಳೆ ಹೇಳ್ತೀನಿ." ಆ ನಾಳೆ ಮೂರು ತಿಂಗಳ ನಂತರ ಬಂತು.

ಆಚೆ ಬರೋಕೆ ಕ್ಯೂ. ಕಡತಪ್ಪನವರು ಜನ್ಮದಲ್ಲಿ ಎಲ್ಲಿಂದ ಆಚೆ ಬರಬೇಕಾದರೂ ಕ್ಯೂ ನಿಂತವರು. ಆಸ್ಪತ್ರೆಯಲ್ಲಿ ಕ್ಯೂ, ರೈಲು ನಿಲ್ದಾಣದಲ್ಲಿ ಕ್ಯೂ, ಸಿನಿಮಾ ಮುಗಿದರೆ ಕ್ಯೂ. ಕಂಪ್ಯೂಟರೊಳಗೂ ಕ್ಯೂ ಇದೆಯೆಂದರೆ ಅದು ಸರ್ಕಾರಿ ಕಂಪ್ಯೂಟರೇ ಸರಿ ಎಂದು ಅವರಿಗೆ ಅದರ ಮೇಲೆ ಗೌರವ ಮೂಡಿತು. ಮೊದಲ ದಿನ ಒಂದು ಸುತ್ತೋಲೆ ತೆರೆದು ಓದಿ, ಕೈಕಟ್ಟಿ ತಮ್ಮ ಸರದಿಗೆ ಕಾದರು. ಹತ್ತು ನಿಮಿಷವಾಯಿತು. ಮೇಲಿನವರಿಗೆ ತಿಳಿಸಿದರೆ ಒಳ್ಳೆಯದೆಂದು ಮೇಲ್ಮುಖದ ಬಾಣವಿರುವ ಕೀಲಿಯನ್ನು ವಿನಯದಿಂದ ಒಂದು ಸಲ ಒತ್ತಿದರು. ಯಂತ್ರ ಕುಂಯ್ ಎಂದಿತು. ಪರದೆಯ ಕೆಳಮೂಲೆಯಲ್ಲಿ ಒಂದರ ಮೇಲೊಂದು ಎರಡು ಚುಕ್ಕಿ ಮೂಡಿದವು.

"ನಮ್ಮ ಮುಂದೆ ಇನ್ನೂ ಇಬ್ಬರಿದ್ದಾರೆ," ಎಂದುಕೊಂಡರು ಕಡತಪ್ಪನವರು.

ಮಧ್ಯಾಹ್ನದ ಊಟದ ಹೊತ್ತಿಗೂ ಆ ಇಬ್ಬರು ಅಲುಗಲಿಲ್ಲ. ಕೊನೆಗೆ ಡಬ್ಬಿ ಬಿಚ್ಚುವ ಮೊದಲು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೋಡೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದರು. ಕ್ಯೂ ಮುರಿದ ಪಾಪ ಅವರನ್ನು ಸಂಜೆಯವರೆಗೂ ಕಾಡಿತು. ಆಮೇಲೆ ಅದೇ ಅಭ್ಯಾಸವಾಯಿತು.

ಆ ಭಾನುವಾರ ಭಾಮೈದ ಬಂದ. ಅವನದು ಹೊಸ ಫೋನು. ಅದರಲ್ಲಿ ಮನೆಯ ದೀಪ ಆರಿಸಬಹುದು, ಹವಾಮಾನ ಕೇಳಬಹುದು ಎಂದು ಅಕ್ಕನಿಗೆ ತೋರಿಸುತ್ತಿದ್ದ. ಕಡತಪ್ಪನವರು ಪತ್ರಿಕೆಯಿಂದ ತಲೆಯೆತ್ತದೆ, "ಬಣ್ಣದ ಪರದೆ ಎಲ್ಲಾ ಆಟಕ್ಕೆ. ನಾವು ಕಪ್ಪು ಪರದೆಯೋರು," ಎಂದರು.

ಭಾಮೈದನ ಕೈಯಲ್ಲಿದ್ದ ಫೋನು ತುಸು ಕೆಳಗಿಳಿಯಿತು. "ಏನು ಭಾವ, ಬರೀ ಅಕ್ಷರ ಹೊಡೆದು ಕೆಲಸ ಮಾಡ್ತೀರಾ? ಅದು ದೊಡ್ಡ ದೊಡ್ಡೋರಿಗೇ ಬರಲ್ಲ."

"ಲೆಸ್ ಅಂತ ಹೊಡೀತೀನಿ. ಬರುತ್ತೆ."

"ಅದರಿಂದ ಆಚೆ ಬರೋದೇ ಕಷ್ಟ ಅಂತಾರಲ್ಲ ಭಾವ. ಹೇಗೆ ಬರ್ತೀರಿ?"

"ತಾಳ್ಮೆ ಬೇಕು," ಎಂದರು ಕಡತಪ್ಪನವರು, ಪುಟ ತಿರುಗಿಸುತ್ತಾ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಎದುರುಮನೆಯ ದರ್ಜಿಯಿಂದ ಮೂಲೆಯ ಔಷಧಿ ಅಂಗಡಿಯವರೆಗೆ, ಅಳಿಯಂದಿರು ಕಪ್ಪು ಪರದೆಯೊಳಗೆ ಹೋಗುತ್ತಾರೆಂದೂ, ಹೋದವರಲ್ಲಿ ತಿರುಗಿ ಬರುವವರು ಅವರೊಬ್ಬರೇ ಎಂದೂ ಪ್ರಚಾರವಾಯಿತು. ದರ್ಜಿ ಬಂದು ಅವರ ಕೈ ಮುಟ್ಟಿ ನೋಡಿ ಹೋದ.

ಖ್ಯಾತಿ ಬಂದ ಮೇಲೆ ಅರ್ಥ ಗೊತ್ತಿರಬೇಕೆಂದು ಕಡತಪ್ಪನವರು ಸೋಮವಾರ ನಿಘಂಟು ತೆಗೆದರು. ಲೆಸ್ ಎಂದರೆ ಕಡಿಮೆ, ಅಲ್ಪ, ಕಿರಿದು. ಹಾಗಾದರೆ ಈ ಪದ ಹೊಡೆದರೆ ಯಂತ್ರ ಕಾಗದವನ್ನು ಕಡಿಮೆ ಮಾಡುತ್ತದೆ. ಪರೀಕ್ಷಿಸಿ ನೋಡಿದರು. ಹತ್ತು ಪುಟದ ಸುತ್ತೋಲೆ ಇಪ್ಪತ್ತನಾಲ್ಕು ಸಾಲಿಗೆ ಇಳಿದಿತ್ತು. ಐದು ಪುಟದ್ದೂ ಇಪ್ಪತ್ತನಾಲ್ಕೇ ಸಾಲು. ಯಂತ್ರಕ್ಕೆ ಭೇದಭಾವವಿಲ್ಲ ಎಂದು ಮೆಚ್ಚಿಕೊಂಡರು. ಕೆಳಗೆ ಮಿಕ್ಕದ್ದು ಕಾದು ಕೂತಿದೆಯೆಂದು ಅವರಿಗೆ ಹೇಳುವವರು ಯಾರು? ಹೇಳಬೇಕಾದವರು ನಾಳೆ ಬರುತ್ತೇನೆಂದು ಹೋಗಿದ್ದರು.

ಈ ಹೊತ್ತಿಗೆ ಸರಿಯಾಗಿ ಮೆಟ್ಟಿಲಿಳಿದು ಬಂದವರು ಆದಾಗ್ಯೂ ಸಾಹೇಬರು. ಕಚೇರಿಯ ಸೂಪರಿಂಟೆಂಡೆಂಟ್. ಬರೆಯಲು ಕೂತರೆ ಪ್ರತಿ ಪ್ಯಾರಾಕ್ಕೆ ಒಂದು "ಆದಾಗ್ಯೂ" ಹಾಕಿ ಹಿಂದೆ ಹೇಳಿದ್ದನ್ನೆಲ್ಲ ಅಳಿಸಿ ಬೇರೆ ಹೇಳುತ್ತಿದ್ದರು. ದಾಖಲೆ ಕೋಣೆಯನ್ನು ಮುಚ್ಚಬೇಕೋ ಬೇಡವೋ ಎಂಬ ಬಗ್ಗೆ ನಲವತ್ತೊಂದು ಪುಟದ ವರದಿ ಬರೆದು ಕಳಿಸಿದ್ದರು. ಮೇಲಧಿಕಾರಿ ಒಬ್ಬ ಹೆಂಗಸು, ಒಂದು ಹಾಳೆಗಿಂತ ಹೆಚ್ಚಿದ್ದನ್ನು ಓದುವುದಿಲ್ಲವೆಂದು ಹೆಸರಾದವರು. ಕಚೇರಿ ಅವರನ್ನು ಒಂದು ಹಾಳೆ ಮೇಡಂ ಎನ್ನುತ್ತಿತ್ತು. ವರದಿ "ಒಂದು ಹಾಳೆಗೆ ಇಳಿಸಿ" ಎಂಬ ಟಿಪ್ಪಣಿಯೊಂದಿಗೆ ವಾಪಸಾಗಿತ್ತು.

"ಎಲ್ಲಿ ಕತ್ತರಿ ಹಾಕ್ಲಿ ಕಡತಪ್ಪ? ಒಂದೊಂದು ವಾಕ್ಯವೂ ನನ್ನ ಮಗು ಇದ್ದ ಹಾಗೆ," ಎಂದರು ಸಾಹೇಬರು, ಸ್ಟೂಲಿನ ಮೇಲೆ ಕುಸಿದು.

"ಕಡಿಮೆ ಮಾಡ್ಬೇಕಾ ಸಾರ್? ಅದೇ ಕೆಲಸ ನಮ್ಮದು."

ಟೈಪಿಸ್ಟಮ್ಮ ತಮ್ಮ ಯಂತ್ರದಲ್ಲಿ ಹೊಡೆದದ್ದೆಲ್ಲ ವೈರಿನ ಮೂಲಕ ಈ ಯಂತ್ರಕ್ಕೂ ಬಂದು ಬೀಳುತ್ತಿತ್ತು. ಕಡತಪ್ಪನವರು ಒಂದೇ ಬೆರಳಿನಲ್ಲಿ ಲೆಸ್ ಎಂದು ಹೊಡೆದು ವರದಿಯ ಹೆಸರು ಹೊಡೆದು ಎಂಟರ್ ಒತ್ತಿದರು. ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ನಲವತ್ತೊಂದು ಪುಟ ಒಂದು ಪರದೆಯಷ್ಟಾಗಿ ನಿಂತಿತು. ದಾಖಲೆ ಕೋಣೆ ಕಚೇರಿಯ ಕಣ್ಣು, ಕೇಳಿದ ಕಾಗದ ಐದು ನಿಮಿಷದಲ್ಲಿ ಕೈಗೆ ಬರುತ್ತದೆ, ಇದನ್ನು ಉಳಿಸಿಕೊಳ್ಳುವುದು ಲೇಸು ಎಂದೆಲ್ಲ ಇತ್ತು. ಕಟ್ಟಕಡೆಯ ಸಾಲಿನಲ್ಲಿ ಒಂದೇ ಪದ: ಆದಾಗ್ಯೂ.

ಸಾಹೇಬರ ಕಣ್ಣು ತುಂಬಿ ಬಂತು. "ಎಲ್ಲಾ ನನ್ನದೇ ವಾಕ್ಯ. ಒಂದೂ ಬದಲಾಗಿಲ್ಲ. ನಾನು ಮುಚ್ಚಿ ಅಂದಿದ್ದೆನೋ ಬೇಡ ಅಂದಿದ್ದೆನೋ ನನಗೇ ನೆನಪಿರಲಿಲ್ಲ. ಸಾರ ಹಿಂಡಿದ ಮೇಲೆ ಬೇಡ ಅಂತ ಬಂದಿದೆಯಲ್ಲ, ಹಾಗಾದ್ರೆ ಬೇಡ ಅಂತಲೇ ಅಂದಿರ್ತೀನಿ."

ಕಡತಪ್ಪನವರು ಅದನ್ನು ಅಕ್ಷರ ಬಿಡದೆ ಹಾಳೆಗೆ ನಕಲು ಮಾಡಿದರು. ಟೈಪಿಸ್ಟಮ್ಮ ಕಡೆಯ ಪದವನ್ನು ನೋಡಿ, ಇದು ಸಾಹೇಬರ ಹುದ್ದೆಯಿರಬೇಕೆಂದು ತೀರ್ಮಾನಿಸಿ, ಸಹಿಯ ಜಾಗದ ಕೆಳಗೆ ನಡುವಿಗೆ ಸರಿಯಾಗಿ "ಆದಾಗ್ಯೂ" ಎಂದು ಹೊಡೆದರು. ಸಾಹೇಬರು ಅದರ ಮೇಲೆ ಸಂತೋಷದಿಂದ ಸಹಿ ಹಾಕಿದರು. ಮೇಡಂ ಒಂದು ಹಾಳೆಯನ್ನು ಓದಿ, "ಅಂತೂ ಕಲಿತರು," ಎಂದರಂತೆ. ಆದೇಶ ಮಾತ್ರ ಇನ್ನೂ ಹೊರಬಿದ್ದಿರಲಿಲ್ಲ.

ಅಲ್ಲಿಂದ ಮುಂದೆ ದಾಖಲೆ ಕೋಣೆಯ ಮುಂದೆ ನಿಜವಾದ ಕ್ಯೂ ಶುರುವಾಯಿತು. ಕಾನೂನು ವಿಭಾಗದವರು ನೋಟಿಸು ತಂದರು. ನಕ್ಷೆ ವಿಭಾಗದವರು ಯೋಜನೆ ತಂದರು. ಕಡತಪ್ಪನವರು ಎಲ್ಲವನ್ನೂ ಇಪ್ಪತ್ತನಾಲ್ಕು ಸಾಲಿಗೆ ಇಳಿಸಿ, ಪ್ರತಿ ಕಾಗದಕ್ಕೂ ಒಂದು ಸಲ ಗೋಡೆಯ ಸ್ವಿಚ್ಚು ಆರಿಸಿ ಹಾಕಿ, ಬೆವರೊರೆಸಿಕೊಂಡರು. "ಯಾಕೆ ಸಾರ್ ಇಷ್ಟು ಹೊತ್ತು?" ಎಂದು ಯಾರಾದರೂ ಕೇಳಿದರೆ, "ಒಳಗೆ ಕ್ಯೂ ಇದೆ," ಎನ್ನುತ್ತಿದ್ದರು. ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ಹತ್ತು ವಾಕ್ಯದ ರಜೆ ಅರ್ಜಿಯನ್ನೂ ಕಡಿಮೆ ಮಾಡಿಸಿಕೊಂಡು ಹೋದ ಭೂಪರಿದ್ದರು. ಅದು ಹೇಗೆ ಹೋಗಿತ್ತೋ ಹಾಗೇ ಬಂತು. "ಇದರಲ್ಲಿ ಕೊಬ್ಬು ಇರಲಿಲ್ಲ," ಎಂದು ಕಡತಪ್ಪನವರು ಬೆನ್ನು ತಟ್ಟಿ ಕಳಿಸಿದರು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಸ್ಟೋರಿನವರ ಕಾಗದ ಬಂತು.

ಸ್ಟೋರಿನವರೆಂದರೆ ಪೈಪು, ನಲ್ಲಿ, ಬೋಲ್ಟುಗಳ ಉಗ್ರಾಣ ನೋಡಿಕೊಳ್ಳುವವರು. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು, ಕೈ ಮಾತ್ರ ಶುದ್ಧ. ಉಗ್ರಾಣದಲ್ಲಿ ನಲವತ್ತು ಹಿತ್ತಾಳೆ ನಲ್ಲಿ ಕಾಣೆಯಾಗಿವೆ, ವಿವರಣೆ ಕೊಡಿ ಎಂದು ಮೇಡಂ ಕೇಳಿದ್ದರು. ಅವರು ಹೊಟ್ಟೆಯ ಉರಿಯನ್ನೆಲ್ಲ ಆರು ಪುಟಕ್ಕೆ ಸುರಿದು, ಕಡಿಮೆ ಮಾಡಿಸಲು ಕೊಟ್ಟು, ಊರಿಗೆ ಹೋದರು. ಕಡತಪ್ಪನವರು ಮಾಡಬೇಕಾದ್ದು ಮಾಡಿದರು. ಟೈಪಿಸ್ಟಮ್ಮ ಹಾಳೆಯನ್ನು ನೇರವಾಗಿ ಮೇಡಂ ಮೇಜಿಗೆ ಕಳಿಸಿದರು.

ಇಪ್ಪತ್ತನಾಲ್ಕನೇ ಸಾಲು ಹೀಗಿತ್ತು: "ಆ ನಲವತ್ತು ನಲ್ಲಿಗಳನ್ನು ಹೊತ್ತುಕೊಂಡು ಹೋಗಿ ಮಾರಿ ತಿಂದವನು ನಾನೇ."

ಮೇಡಂ ಸೇವೆಗೆ ಸೇರಿದಾಗಿನಿಂದ ಇಷ್ಟು ಚುಟುಕಾಗಿ, ಇಷ್ಟು ನೇರವಾಗಿ ತಪ್ಪೊಪ್ಪಿಕೊಂಡ ನೌಕರನನ್ನು ಕಂಡಿರಲಿಲ್ಲ. ಪ್ರಾಮಾಣಿಕತೆಗೆ ಮೆಚ್ಚುಗೆ ಸೂಚಿಸಿ, ಅದೇ ಕಾಗದದಲ್ಲಿ ಅಮಾನತು ಮಾಡಲು ಆದೇಶ ಸಿದ್ಧಪಡಿಸಿದರು.

ಬುಧವಾರ ಬೆಳಿಗ್ಗೆ ಕಿಟಕಿಯಾಚೆ ಹನ್ನೊಂದು ನಂಬರಿನ ಕಂದು ಬೂಟುಗಳು ಬಿರುಗಾಳಿಯ ಹಾಗೆ ಬರುತ್ತಿರುವುದು ಕಡತಪ್ಪನವರಿಗೆ ಕಂಡಿತು. ಅವು ಸ್ಟೋರಿನವರ ಬೂಟುಗಳು. ಅವುಗಳ ಹಿಂದೆ ಮೇಡಂ ಅವರ ಕಪ್ಪು ಚಪ್ಪಲಿ, ಆದಾಗ್ಯೂ ಸಾಹೇಬರ ಸವೆದ ಷೂ, ಟೈಪಿಸ್ಟಮ್ಮನ ನೀಲಿ ಪಟ್ಟಿ. ಕಟ್ಟಕಡೆಗೆ, ಮೂರು ತಿಂಗಳ ಹಿಂದೆ ಮೆಟ್ಟಿಲು ಹತ್ತಿ ಹೋಗಿದ್ದ ಕಂಪ್ಯೂಟರಮ್ಮನ ಸ್ಯಾಂಡಲ್ಲು. ಇಷ್ಟು ಕಾಲುಗಳು ಒಟ್ಟಿಗೆ ಬಂದದ್ದು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು.

"ನಾನು ಕಳ್ಳನೇನ್ರೀ?" ಎಂದು ಕೇಳಿದರು ಸ್ಟೋರಿನವರು. ಹನ್ನೊಂದು ಬೀರುಗಳ ಬಾಗಿಲೂ ನಡುಗಿದವು.

"ನೀವೇ ಬರೆದಿದ್ದೀರಲ್ಲ ಸಾರ್," ಎಂದರು ಕಡತಪ್ಪನವರು, ಏಣಿಯ ಹಿಂದೆ ಸರಿಯುತ್ತಾ. "ನಾನು ಕಡಿಮೆ ಮಾಡಿದೆ ಅಷ್ಟೇ."

"ಯಂತ್ರದಲ್ಲಿ ತೋರಿಸಿ," ಎಂದರು ಮೇಡಂ, ಅವರ ಸ್ಟೂಲಿನ ಮೇಲೆ ತಾವೇ ಕೂತು.

ಕಡತಪ್ಪನವರು ಬಗ್ಗಿ ನಿಂತು ಲೆಸ್ ಹೊಡೆದು ಕಾಗದ ತೆರೆದರು. ಕೆಳಗಿನ ಸಾಲಿನಲ್ಲಿ "ಮಾರಿ ತಿಂದವನು ನಾನೇ" ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಟೋರಿನವರು ಇದರ ಕೆಳಗೆ ಇನ್ನೂ ಇದೆ ಎಂದರು. ಕಡತಪ್ಪನವರು ಇಲ್ಲ, ಇಷ್ಟಕ್ಕೇ ಇಳಿದಿದೆ ಎಂದರು. ಕಂಪ್ಯೂಟರಮ್ಮ ಇಬ್ಬರ ನಡುವೆ ಕೈ ತೂರಿಸಿ ಕೀಲಿಮಣೆಯ ಅತಿ ಉದ್ದದ ಕೀಲಿಯನ್ನು ಒಂದು ಸಲ ಒತ್ತಿದರು.

ಪರದೆ ಸರಿಯಿತು. ಹೊಸ ಸಾಲು ಬಂತು: "ಎಂದು ಹಬ್ಬಿಸುತ್ತಿರುವವರ ಬಾಯಿಗೆ ಹುಳ ಬೀಳಲಿ."

ಕನ್ನಡದಲ್ಲಿ ಒಬ್ಬ ಮನುಷ್ಯನ ಮರ್ಯಾದೆ ವಾಕ್ಯದ ಕೊನೆಯಲ್ಲಿ ಬರುವ ಒಂದು "ಎಂದು" ಮೇಲೆ ನಿಂತಿರುತ್ತದೆ ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

"ಲೆಸ್ ಅಂದ್ರೆ ಕಡಿಮೆ ಮಾಡೋದಲ್ಲ ಸಾರ್," ಎಂದರು ಕಂಪ್ಯೂಟರಮ್ಮ. "ಒಂದೊಂದೇ ಪರದೆ ತೋರಿಸೋದು. ಮಿಕ್ಕಿದ್ದು ಕೆಳಗೇ ಇರುತ್ತೆ. ಮೂರು ತಿಂಗಳಿಂದ ಕಾಗದ ತೆರೆದ ಮೇಲೆ ನೀವು ಒತ್ತೇ ಇಲ್ವಾ ಇದನ್ನ?"

"ಒಂದು ಜಾಗ ಬಿಡಿ ಅಂದಿದ್ರಿ ಅಮ್ಮಾ, ಒಂದೇ ಸಲ ಒತ್ತಿದೆ. ಅಷ್ಟು ದೊಡ್ಡ ಕೀಲಿ. ನಮ್ಮ ದರ್ಜೆಯೋರು ಎರಡನೇ ಸಲ ಒತ್ತೋದಲ್ಲ ಅಂದ್ಕೊಂಡಿದ್ದೆ."

ಮೇಡಂ ಹಣೆ ಒತ್ತಿಕೊಂಡರು. "ಸರಿ. ಕದ್ದಿಲ್ಲ ಅಂತ ಇವರು ಹೇಳ್ತಾರೆ. ಹೇಳಿದ್ರೆ ಸಾಲದು. ನಲ್ಲಿ ಎಲ್ಲಿ ಹೋದವು? ಕಂಪ್ಯೂಟರಲ್ಲಿ ಹುಡುಕಿ."

ಕಂಪ್ಯೂಟರಮ್ಮ ಎರಡು ಸಲ ಏನೋ ಹೊಡೆದು ನೋಡಿ ತಲೆಯಾಡಿಸಿದರು. ಹಳೆಯ ಉಗ್ರಾಣದ ಕಾಗದ ಯಾವುದನ್ನೂ ಇನ್ನೂ ಒಳಗೆ ಹಾಕಿರಲಿಲ್ಲ. ಸ್ಟೋರಿನವರ ಮುಖ ಬಿಳಿಚಿಕೊಂಡಿತು. ದೊಡ್ಡ ಆಳು ಒಮ್ಮೆಲೇ ಚಿಕ್ಕದಾಯಿತು. ಈ ಮನುಷ್ಯನ ಗತಿಗೆ ತಾವೇ ಕಾರಣ ಎಂದು ಕಡತಪ್ಪನವರಿಗೆ ಅಳುವೇ ಬಂತು.

"ಹಿತ್ತಾಳೆ ನಲ್ಲಿ ಅಂದ್ರಾ?" ಎಂದು ಕೇಳಿದರು ಅವರು. "ಅರ್ಧ ಇಂಚಿನದು? ನಲವತ್ತು?"

ಉತ್ತರಕ್ಕೆ ಕಾಯದೆ ಏಣಿಯನ್ನು ಏಳನೇ ಬೀರುವಿಗೆ ಆನಿಸಿದರು. ಹಗ್ಗ ಸುತ್ತಿದ ಮೂರನೇ ಮೆಟ್ಟಿಲನ್ನು ದಾಟಿ ಮೇಲೇರಿದರು. ಹೊಡೆಯಲು ಬಂದಿದ್ದ ಸ್ಟೋರಿನವರು ಓಡಿಬಂದು ಏಣಿ ಹಿಡಿದುಕೊಂಡರು. ಮೇಲಿನ ಖಾನೆಯಲ್ಲಿ ಎಡದಿಂದ ನಾಲ್ಕನೇ ಕಟ್ಟು, ಕೆಂಪು ದಾರ. ಕಡತಪ್ಪನವರು ಅಲ್ಲೇ ನಿಂತು ದಾರ ಬಿಚ್ಚಿ, ಒಂದು ತೆಳು ಕಾಗದವನ್ನು ಎಳೆದು, ಧೂಳು ಊದಿ, ಇಳಿದು ಬಂದು ಮೇಡಂ ಕೈಗಿತ್ತರು. ಮೇಡಂ ಗಡಿಯಾರ ನೋಡಿದರು. ಒಂದೂವರೆ ನಿಮಿಷವಾಗಿತ್ತು.

ಅದು ಹಳೆಯ ಪಂಪ್‌ಹೌಸಿನ ದುರಸ್ತಿಗೆ ನಲವತ್ತು ನಲ್ಲಿ ಪಡೆದ ರಶೀದಿ. ಮೇಡಂ ಗಟ್ಟಿಯಾಗಿ ಓದಿದರು: "ಮೇಲ್ಕಂಡ ನಲ್ಲಿಗಳು ನನಗೆ ತಲುಪಿವೆ. ಆದಾಗ್ಯೂ..."

ಮುಂದೆ ಓದುವ ಅಗತ್ಯ ಬೀಳಲಿಲ್ಲ. ಎಲ್ಲರೂ ಸಾಹೇಬರ ಕಡೆ ತಿರುಗಿದರು.

"ಓ, ಆ ನಲ್ಲಿಗಳಾ," ಎಂದರು ಸಾಹೇಬರು. "ಅವು ಪಂಪ್‌ಹೌಸಲ್ಲಿ ಸೊಗಸಾಗಿ ಓಡ್ತಾ ಇವೆಯಲ್ಲ."

ಸ್ಟೋರಿನವರು ಕೂಗಲಿಲ್ಲ. ಏಣಿ ಹಿಡಿದ ಕೈ ಬಿಡದೆ, ಮೂಗು ಒರೆಸಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಕ್ಷೇಮ. ಆದರೆ ಮೇಡಂ ಬುದ್ಧಿವಂತರು. "ಹಾಗಾದ್ರೆ ಈ ಕೋಣೆ ವರದೀಲೂ ಕೆಳಗೆ ಇನ್ನೂ ಇರ್ಬೇಕಲ್ಲ? ತೆಗೀರಿ," ಎಂದರು.

ಕಡತಪ್ಪನವರ ಕಣ್ಣ ಮುಂದೆ ದೂರು ಕಿಟಕಿ ತೆರೆದು ನಿಂತಿತು. "ಆಚೆ ಬರೋಕೆ ಕ್ಯೂ ಇದೆ ಮೇಡಂ," ಎಂದರು ಕೊನೆಯ ಆಸೆಯಿಂದ. "ಮುಂದೆ ಇಬ್ಬರಿದ್ದಾರೆ."

ಕಂಪ್ಯೂಟರಮ್ಮ ಅವರನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಕಿರುಬೆರಳಿನಿಂದ 'ಕ್ಯೂ' ಎಂಬ ಅಕ್ಷರವಿದ್ದ ಕೀಲಿಯನ್ನು ಮುಟ್ಟಿದರು. ಕಾಗದ ಮಾಯವಾಯಿತು. ಮೂರು ತಿಂಗಳು ಗೋಡೆಯ ಸ್ವಿಚ್ಚು ಸವೆಸಿದ ಕಡತಪ್ಪನವರು ಆ ಕೀಲಿಯನ್ನು ಪಿಳಿಪಿಳಿ ನೋಡಿದರು. ಅದು ಅಷ್ಟು ದಿನವೂ ಎಡಮೂಲೆಯಲ್ಲಿ, ಕೈಗೆ ಸಿಗುವ ಹಾಗೆ ಕೂತಿತ್ತು.

ವರದಿ ತೆರೆಯಿತು. ಮೊದಲ ಪರದೆ ಎಲ್ಲರಿಗೂ ಗೊತ್ತಿದ್ದದ್ದೇ, ಉಳಿಸಿಕೊಳ್ಳುವುದು ಲೇಸು, ಆದಾಗ್ಯೂ. ಕಡತಪ್ಪನವರು ತಮ್ಮ ಕೈಯಾರೆ ಉದ್ದದ ಕೀಲಿ ಒತ್ತಿದರು. ಜಾಗದ ಕೊರತೆಯಿರುವುದರಿಂದ ಮುಚ್ಚುವುದು ಲೇಸು, ಆದಾಗ್ಯೂ. ಮತ್ತೆ ಒತ್ತಿದರು. ನಕ್ಷೆಗಳು ಬೇರೆಲ್ಲೂ ಇಲ್ಲದ್ದರಿಂದ ಮುಚ್ಚದಿರುವುದು ಲೇಸು, ಆದಾಗ್ಯೂ. ಒಂದು ಪರದೆಗೆ ಕಡತಪ್ಪನವರ ಮುಖ ಅರಳುತ್ತಿತ್ತು, ಮುಂದಿನದಕ್ಕೆ ಬಾಡುತ್ತಿತ್ತು. ಸ್ಟೋರಿನವರು ಪ್ರತಿ ಪರದೆಗೂ "ಉಳೀತು", "ಹೋಯ್ತು" ಎಂದು ಎಣಿಸತೊಡಗಿದರು. ಇಪ್ಪತ್ತನೆಯದಕ್ಕೆ ಮೇಡಂ, "ಕಡೇದು ತೋರಿಸ್ರೀ," ಎಂದರು. ಕಂಪ್ಯೂಟರಮ್ಮ ಮತ್ತೊಂದು ಕೀಲಿ ಒತ್ತಿ ನೇರವಾಗಿ ತಳಕ್ಕೆ ಹೋದರು.

"ಈ ಎಲ್ಲ ಕಾರಣಗಳಿಂದ ದಾಖಲೆ ಕೋಣೆಯನ್ನು ಮುಚ್ಚುವುದೇ ಲೇಸು. ಆದಾಗ್ಯೂ, ಮುಚ್ಚದಿರುವುದೂ ಲೇಸೇ." ಅದರ ಕೆಳಗೆ ಇಂಗ್ಲಿಷಿನಲ್ಲಿ 'ಎಂಡ್' ಎಂದಿತ್ತು. ಅದು ಯಾರ ಅಂತ್ಯವೆಂದು ಕಡತಪ್ಪನವರಿಗೆ ತಿಳಿಯಲಿಲ್ಲ.

"ನಲವತ್ತೊಂದು ಪುಟ ಬರೆದು ಹೇಳಿದ್ದು ಇದನ್ನಾ?" ಎಂದರು ಮೇಡಂ.

"ಹೌದು ಮೇಡಂ. ಆದಾಗ್ಯೂ..."

"ಸಾಕು."

ಮೇಡಂ ತಮ್ಮ ಕೈಯಲ್ಲಿದ್ದ ಕಡತದಿಂದ ಮೂರು ತಿಂಗಳ ಹಿಂದಿನ ಆ ಒಂದು ಹಾಳೆಯನ್ನು ಹೊರತೆಗೆದರು. ಕೇಳಿದ ಕಾಗದ ಐದು ನಿಮಿಷದಲ್ಲಿ ಕೈಗೆ ಬರುತ್ತದೆ ಎಂಬಲ್ಲಿ 'ಐದು' ಹೊಡೆದು 'ಒಂದೂವರೆ' ಎಂದು ಬರೆದರು. ಆಮೇಲೆ ತಳಕ್ಕೆ ಬಂದು, ಸಹಿಯ ಕೆಳಗಿದ್ದ "ಆದಾಗ್ಯೂ" ಎಂಬ ಪದದ ಮೇಲೆ ಅಡ್ಡಗೆರೆ ಎಳೆದರು.

"ಮೇಡಂ, ಅದು ಸಾಹೇಬರ ಹುದ್ದೆ," ಎಂದರು ಟೈಪಿಸ್ಟಮ್ಮ ಗಾಬರಿಯಿಂದ.

"ಇವತ್ತಿಂದ ಇಲ್ಲ," ಎಂದು ಮೇಡಂ ಸಹಿ ಹಾಕಿದರು. ಹಾಳೆ ಉಳಿಸಿಕೊಳ್ಳುವುದು ಲೇಸು ಎಂಬಲ್ಲಿಗೇ ನಿಂತಿತು. ಎದ್ದು ಹೋಗುವಾಗ, ಮೂರನೇ ಮೆಟ್ಟಿಲಿಗೆ ಹಗ್ಗದ ಬದಲು ಮರ ಹಾಕಿಸಲು ಸ್ಟೋರಿನವರಿಗೆ ಹೇಳಿದರು. ಸ್ಟೋರಿನವರು ಅಂದೇ ಹೊಸ ಏಣಿಯನ್ನೇ ಹೊತ್ತು ತಂದರು.

ಆ ಭಾನುವಾರ ಭಾಮೈದ ಮತ್ತೆ ಬಂದ. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಹೆಂಡತಿ ಲೋಟ ಹಿಡಿದು ನಿಂತಿದ್ದಳು, ದರ್ಜಿ ಕಿಟಕಿಯಾಚೆಯಿಂದ ಕಿವಿಗೊಟ್ಟಿದ್ದ. "ಏನು ಭಾವ, ಆ ಕಪ್ಪು ಪರದೆಯಿಂದ ಆಚೆ ಬರೋದು ಹೇಗೆ ಅಂತ ಇವತ್ತಾದ್ರೂ ಹೇಳ್ತೀರಾ?" ಎಂದು ಕೇಳಿದ.

"ಅದೇನು ದೊಡ್ಡ ವಿಷಯ ಅಲ್ಲಪ್ಪ, ಒಂದು ಕೀಲಿ. ಕಲಿತುಕೊಂಡೆ," ಎಂದರು ಕಡತಪ್ಪನವರು. ಪತ್ರಿಕೆಯನ್ನು ಮಡಚಿ, ಹೆಂಡತಿಯ ಕೈಯಿಂದ ಲೋಟ ತೆಗೆದುಕೊಂಡು, ನಿಧಾನವಾಗಿ ಒಂದು ಗುಟುಕು ಕುಡಿದರು. "ಕಲಿತುಕೊಂಡೆ, ಆದ್ರೆ ಆಚೆ ಬರೋ ಅಗತ್ಯ ಬೀಳಲಿಲ್ಲ."